ಅರೆಕಾಲು ಸುತ್ತು

ಎರ್ನಾ ಟೀಸನ್ ಮಾಡುವ ಕೆಲಸಕ್ಕೆ ಸರಿಯಾದ ಹೆಸರಿರಲಿಲ್ಲ. ತೆರಿಗೆಯ ಕಾಗದದಲ್ಲಿ ಮನೆ ದುರಸ್ತಿ ಎಂದು ಬರೆಯುತ್ತಿದ್ದಳು. ಯಾರಾದರೂ ಕೇಳಿದರೆ, “ಕಂಡೋರ ಮನೆ ನೆಲಮಾಳಿಗೆಗೆ ಹೋಗಿ ತಿರುಪು ತಿರುಗಿಸಿ ಬರ್ತೀನಿ” ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ವಿನ್ನಿಪೆಗ್‌ನ ಹಳೆಯ ಕೇರಿಗಳಲ್ಲಿ ಮನೆ ಮಾಡಿಕೊಂಡಿದ್ದವರು ಮಾತ್ರ ನಗದೆ ಅವಳ ಫೋನ್ ನಂಬರ್ ಕೇಳುತ್ತಿದ್ದರು.

ಆ ಊರಿನದು ಜೇಡಿಮಣ್ಣು. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಕೂತ ಮನೆ, ಮಲಗಿದವರು ಮಗ್ಗುಲು ಬದಲಿಸಿದಂತೆ, ವರ್ಷಕ್ಕೆರಡು ಸಲ ಅಲುಗುತ್ತದೆ. ಅದಕ್ಕೆಂದೇ ನೆಲಮಾಳಿಗೆಯಲ್ಲಿ, ಮನೆಯನ್ನೆಲ್ಲ ಹೊತ್ತ ನಡುತೊಲೆಯ ಕೆಳಗೆ, ಉಕ್ಕಿನ ಕಂಬಗಳನ್ನು ನಿಲ್ಲಿಸಿರುತ್ತಾರೆ. ಕಂಬದ ನೆತ್ತಿಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ತಿರುಪು. ಮನೆ ಕುಸಿದರೆ ತಿರುಪನ್ನು ಮೇಲಕ್ಕೆ ತಿರುಗಿಸಬೇಕು, ಉಬ್ಬಿದರೆ ಕೆಳಕ್ಕೆ. ಒಂದು ಸಲಕ್ಕೆ ಅರೆಕಾಲು ಸುತ್ತು, ಅಂದರೆ ಪೂರ್ತಿ ಸುತ್ತಿನ ಎಂಟರಲ್ಲೊಂದು ಪಾಲು. ತಿಂಗಳಿಗೆ ಒಂದೇ ಸಲ. ಮೂವತ್ತೊಂದು ವರ್ಷದಿಂದ ಎರ್ನಾ ಮಾಡಿಕೊಂಡು ಬಂದದ್ದು ಇಷ್ಟೇ.

ಕಲಿಸಿದವನು ಗಂಡ ಕಾರ್ನಿ. ಹೆಚ್ಚು ಮಾತಿನವನಲ್ಲ. ಮೊದಲ ವರ್ಷ ಅವಳ ಕೈಗೆ ಸ್ಪ್ಯಾನರನ್ನೇ ಕೊಡಲಿಲ್ಲ; ತೊಲೆಯ ಮೇಲೆ ಅಂಗೈ ಊರಿಸಿ ನಿಲ್ಲಿಸುತ್ತಿದ್ದ. ತಾನು ತಿರುಪು ತಿರುಗಿಸುವಾಗ ಮರದೊಳಗೆ ಏನಾಯಿತೆಂದು ಅವಳು ಹೇಳಬೇಕಿತ್ತು. “ಏನೂ ಆಗ್ಲಿಲ್ಲ” ಎಂದರೆ, “ಹಾಗೇ ಇರ್ಬೇಕು” ಎನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಬಡಗಿಯ ಪೆನ್ಸಿಲ್ಲಿನಿಂದ ತೊಲೆಯ ಮೇಲೆ ತಾರೀಕು ಬರೆದು ಬರುತ್ತಿದ್ದ. ಅವನು ತೀರಿಕೊಂಡು ಎಂಟು ವರ್ಷವಾಗಿತ್ತು. ಎರ್ನಾ ಗಂಡನ ನೆನಪಿಗಾಗಿ ಕೆಲಸ ಮುಂದುವರಿಸಿದ್ದಾಳೆ ಎಂದು ಚರ್ಚಿನ ಹೆಂಗಸರು ಹೇಳಿಕೊಳ್ಳುತ್ತಿದ್ದರು. ಹಾಗೇನೂ ಇರಲಿಲ್ಲ. ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಅವನು ಹೋದಾಗ ಹತ್ತೊಂಬತ್ತು ಮನೆಗಳು ಅರ್ಧ ಎತ್ತಿ ನಿಂತಿದ್ದವು, ಅವನ್ನು ಹಾಗೆ ಬಿಡುವಂತಿರಲಿಲ್ಲ.

ಒಂದು ಮನೆ ಹಿಡಿದರೆ ಎರಡು ಮೂರು ವರ್ಷ ಬರುತ್ತೇನೆಂದು ಮಾತು ಕೊಟ್ಟಂತೆ. ಈಗ ಅರವತ್ನಾಲ್ಕರಲ್ಲಿ ಅವಳಿಗೆ ಮಾತು ಕೊಡುವುದೇ ಆಯಾಸವೆನಿಸತೊಡಗಿತ್ತು. ಎಡ ಮಂಡಿ ಸವೆದುಹೋಗಿತ್ತು. ಆಪರೇಷನ್ನಿಗೆ ಹೆಸರು ಬರೆಸಿ ಹತ್ತೊಂಬತ್ತು ತಿಂಗಳಾಗಿದ್ದವು. ನವೆಂಬರಿನಲ್ಲಿ ಸರದಿ ಬರಬಹುದು ಎಂದಿದ್ದರು. ನೆಲಮಾಳಿಗೆಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದಳು. ಆ ವಸಂತದಿಂದ ಹೊಸ ಮನೆ ಹಿಡಿಯುವುದನ್ನು ನಿಲ್ಲಿಸಿದ್ದಳು. ಫೋನು ಮಾಡಿದವರಿಗೆ ಪುಕ್ಕಟೆ ಸಲಹೆ ಕೊಟ್ಟು ಇಟ್ಟುಬಿಡುತ್ತಿದ್ದಳು.

“ಮನೆ ಕೊಳ್ಳೋಕೆ ಹೋದ್ರೆ ಅಡುಗೆಮನೆ ಆಮೇಲೆ ನೋಡಿ. ಮೊದ್ಲು ಕುರ್ಚಿ ಹತ್ತಿ ಬಾಗಿಲುಗಳ ತಲೆ ಮೇಲೆ ಬೆರಳಾಡ್ಸಿ. ಬಣ್ಣ ಇಲ್ದೆ ಬರೀ ಮರ ಕೈಗೆ ಸಿಕ್ರೆ ಯಾರೋ ಕೀಸಿದಾರೆ ಅಂತ ಅರ್ಥ. ಮನೆ ಕುಸಿದು ಕೂತಿದೆ, ಅವರು ಬಾಗಿಲು ಕೀಸಿದಾರೆ.”

ಇನ್ನೊಬ್ಬರಿಗೆ: “ನೆಲಮಾಳಿಗೆಯ ನಾಲ್ಕು ಗೋಡೇಲಿ ಒಂದಕ್ಕೆ ಮಾತ್ರ ಹೊಸ ಬಣ್ಣ ಇದ್ಯಾ? ಯಾಕೆ ಅಂತ ಕೇಳಿ. ಅವರು ಉತ್ತರ ಹೇಳೋವಾಗ ಗೋಡೆ ನೋಡ್ಬೇಡಿ, ಅವರ ಮುಖ ನೋಡಿ.”

ಅವರು ಉಪಕಾರ ಸ್ಮರಿಸಿ, ಹೋಗಿ, ಮೊದಲೇ ಮನಸ್ಸಿಗೆ ಬಂದಿದ್ದ ಮನೆಯನ್ನೇ ಕೊಳ್ಳುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು. ಜನ ಮನೆ ಕೊಳ್ಳುವುದು ಯಾವುದೋ ಒಂದು ಕಿಟಕಿಯಲ್ಲಿ ಬೆಳಕು ಬೀಳುವ ರೀತಿ ನೋಡಿ. ಅದಕ್ಕೆ ಅವಳ ಬಳಿ ಸಲಹೆ ಇರಲಿಲ್ಲ.

ಜುಲೈ ಕೊನೆಯ ಒಂದು ಸಂಜೆ, ಕಲ್ಲಂಗಡಿ ಹಣ್ಣು ಮತ್ತು ಕರಿದ ರೊಟ್ಟಿ ಇಟ್ಟುಕೊಂಡು ಊಟಕ್ಕೆ ಕೂತಿದ್ದಾಗ ಫೋನು ಬಂತು.

“ಎರ್ನಾ ಅಂದ್ರೆ ನೀವೇನಾ?” ಹೆಂಗಸಿನ ದನಿ. “ನಿಮ್ಮ ಹೆಸರು ನಮ್ಮನೆ ತೊಲೆ ಮೇಲಿದೆ. ನಂಬರೂ ಇದೆ.”

“ನನ್ನ ಹೆಸರು ಬೇಕಾದಷ್ಟು ತೊಲೆ ಮೇಲಿದೆ. ಹೊಸ ಮನೆ ಹಿಡೀತಿಲ್ಲಮ್ಮ ನಾನು.”

“ಹೊಸದಲ್ಲ ಆಂಟಿ. ನಿಮ್ದೇ ಹಳೇದು. ಬರೋಸ್ ಅವೆನ್ಯೂ, ಮುಂದೆ ದೊಡ್ಡ ಎಲ್ಮ್ ಮರ.”

ಎರ್ನಾಳ ಕೈಯಲ್ಲಿದ್ದ ಹಣ್ಣಿನ ಹೋಳು ತಟ್ಟೆಗೆ ಮರಳಿತು. ಆ ಮನೆ ನೆನಪಿತ್ತು. ರೈಲ್ವೆಯಲ್ಲಿದ್ದು ನಿವೃತ್ತನಾದ ತ್ಕಾಚುಕ್ ಎಂಬ ಮುದುಕನದು. ಎರಡು ವರ್ಷ ಎತ್ತಿಸಿಕೊಂಡು, ಇನ್ನೊಂದು ವರ್ಷದ ಕೆಲಸ ಇರುವಾಗ, “ಸಾಕು ಬಿಡಿ, ನಾನಿರೋ ತನಕ ತಡ್ಕೊಳ್ಳುತ್ತೆ” ಎಂದು ನಿಲ್ಲಿಸಿದ್ದ. ಅವನು ಹೇಳಿದಂತೆಯೇ ಆಯಿತು.

“ಬರೀ ನೋಡೋಕೆ ಬರ್ತೀನಿ,” ಎಂದಳು ಎರ್ನಾ. “ಕೆಲಸ ಹಿಡಿಯಲ್ಲ.”

*

ಆ ಹೆಂಗಸಿನ ಹೆಸರು ಆರ್ಸೆಲಿ. ನಲವತ್ತರ ಆಸುಪಾಸು, ಗಿಡ್ಡ ಆಳು, ವೃದ್ಧರ ಆರೈಕೆ ಕೇಂದ್ರದ ನೀಲಿ ಅಂಗಿಯಲ್ಲೇ ಬಾಗಿಲು ತೆಗೆದಳು. ಗಂಡ ನೆಸ್ಟರ್ ಹಿಂದೆ ನಿಂತಿದ್ದ. ಬಸ್ಸು ಕಟ್ಟುವ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯುವ ಕೆಲಸ ಅವನದು. ಇಬ್ಬರೂ ಫಿಲಿಪೀನ್ಸಿನವರು, ಆ ಕೇರಿಯಲ್ಲಿ ಅರ್ಧಕ್ಕರ್ಧ ಜನರ ಹಾಗೆ. ಮನೆ ಕೊಂಡು ಮೂರು ತಿಂಗಳಾಗಿತ್ತು. ಒಳಗೆ ಕಾಲಿಡುವ ಮೊದಲೇ ಮೇಜಿನ ಮೇಲೆ ಶಾವಿಗೆಯ ತಟ್ಟೆ ಬಂತು.

“ತಿನ್ನಿ ಆಂಟಿ, ಆಮೇಲೆ ನೋಡಿದ್ರಾಯ್ತು.”

“ಮೊದ್ಲು ನೋಡ್ತೀನಿ. ತಿಂದ್ಮೇಲೆ ಕೆಟ್ಟ ಮಾತು ಹೇಳೋಕೆ ಮನಸ್ಸು ಬರಲ್ಲ.”

ತೊಂದರೆ ಒಂದು ಬಾಗಿಲಿನದು. ಅಡುಗೆಮನೆಯಿಂದ ಹಿತ್ತಲ ಕಡೆಗೆ ಹೋಗುವ ಒಳಬಾಗಿಲು. ಅದರಾಚೆ ಚಿಕ್ಕ ಜಾಗ. ಎದುರಿಗೆ ಹಿತ್ತಲ ಬಾಗಿಲು, ಎಡಕ್ಕೆ ನೆಲಮಾಳಿಗೆಗೆ ಇಳಿಯುವ ಕಡಿದಾದ ಮೆಟ್ಟಿಲು. ಆರ್ಸೆಲಿ ಚಿಲಕ ಹಿಡಿದು ಭುಜ ಕೊಟ್ಟು ತಳ್ಳಿದಳು. ಬಾಗಿಲು ಮೂರನೆಯ ಸಲಕ್ಕೆ ಸದ್ದು ಮಾಡಿ ಬಿಟ್ಟುಕೊಂಡಿತು.

“ಇದೇ ಆಂಟಿ. ನಾನು ಮನೇಲಿ ಮಕ್ಕಳನ್ನ ನೋಡ್ಕೊಳ್ಳೋ ಲೈಸೆನ್ಸಿಗೆ ಹಾಕಿದೀನಿ. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಅಧಿಕಾರಿ ಬರ್ತಾರೆ. ಬೆಂಕಿ ಗಿಂಕಿ ಬಿದ್ರೆ ಓಡೋಕೆ ಎರಡನೇ ದಾರಿ ಬೇಕಂತೆ. ಈ ಬಾಗಿಲು ಒಂದೇ ಕೈಲಿ ತೆಗೀಬೇಕು. ಮೆಟ್ಟಿಲಿದೆಯಲ್ಲ, ಅದಕ್ಕೆ ಗಟ್ಟಿಯಾಗಿ ಮುಚ್ಚಲೂಬೇಕು.”

“ಅವತ್ತು ಬಾಗಿಲು ಹಿಡ್ಕೊಂಡ್ರೆ?”

“ಮತ್ತೆ ಕ್ಯೂ. ಮುಂದಿನ ವರ್ಷ ಅಂತಾರೆ. ನಾಲ್ಕು ಮಕ್ಕಳ ತಾಯಂದಿರು ಈಗ್ಲೇ ಕೇಳಿಟ್ಟಿದಾರೆ, ಅವರು ಕಾಯಲ್ಲ.” ತಡೆದು, “ನಾನು ಕೆಲಸ ಬಿಡ್ತೀನಿ ಅಂತ ಬರೆದುಕೊಟ್ಟಾಗಿದೆ” ಎಂದಳು.

“ಅದನ್ನ ನನ್ನ ಕೇಳ್ದೆ ಬರೆದುಕೊಟ್ಳು,” ಎಂದ ನೆಸ್ಟರ್.

“ಕೇಳಿದ್ರೆ ನೀನು ಇವತ್ತಿಗೂ ಯೋಚ್ನೆ ಮಾಡ್ತಾ ಇರ್ತಿದ್ದೆ.”

ಎರ್ನಾ ಕುರ್ಚಿ ತರಿಸಿದಳು. ಹತ್ತಲಾಗದೆ, ಆರ್ಸೆಲಿಯನ್ನೇ ಹತ್ತಿಸಿ ಬಾಗಿಲಿನ ತಲೆಯ ಮೇಲೆ ಬೆರಳಾಡಿಸಲು ಹೇಳಿದಳು. ಚಿಲಕದ ಕಡೆಯ ಮೂಲೆ ಇಳಿಜಾರಾಗಿತ್ತು. ಒಂದು ಕಡೆ ಬಿಳಿ ಬಣ್ಣದ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆನೆ ಬಣ್ಣ. ಪ್ರತಿ ಬಣ್ಣದ ಕೆಳಗೂ ಕೀಸುಳಿ ಎಳೆದ ಗುರುತು. ಮೇಲೆ ಕೀಸಿದಷ್ಟೂ ಅಡಿಯಲ್ಲಿ ಸಂದು ಬಿದ್ದಿತ್ತು. ಅಲ್ಲಿ ಯಾರೋ ಬೆಣೆಯಂತೆ ಸೀಳಿದ ಪಟ್ಟಿ ಬಡಿದು ಮುಚ್ಚಿದ್ದರು.

ನೂರು ವರ್ಷದ ಮನೆ. ಎಷ್ಟು ಸಂಸಾರ ಬಂದವೋ, ಎಲ್ಲರೂ ಮಾಡಿದ್ದು ಒಂದೇ. ಮನೆ ನಡುವಿನಲ್ಲಿ ಕುಸಿಯಿತು, ಬಾಗಿಲು ಹಿಡಿದುಕೊಂಡಿತು. ಅವರು ಮನೆಯನ್ನು ಬಿಟ್ಟು ಬಾಗಿಲನ್ನು ಕೀಸಿದರು. ಮನೆ ಎತ್ತಲು ವರ್ಷಗಳು ಬೇಕು, ಬಾಗಿಲು ಕೀಸಲು ಒಂದು ಭಾನುವಾರ ಸಾಕು. ಈ ಊರಿನಲ್ಲಿ ಈ ತಪ್ಪು ಮಾಡದವರನ್ನು ಎರ್ನಾ ಕಂಡೇ ಇರಲಿಲ್ಲ. ಕಾರ್ನಿಯನ್ನು ಮದುವೆಯಾಗುವ ಮೊದಲು ಅವಳ ಅಪ್ಪನೂ ಮಾಡಿದ್ದ.

ನೆಲಮಾಳಿಗೆಗೆ ಅಡ್ಡಡ್ಡ ಇಳಿದಳು. ತೊಲೆಯ ಮೇಲೆ ತನ್ನದೇ ಅಕ್ಷರ, ಕಾರ್ನಿಯದೂ. ರಸಮಟ್ಟ ಹಿಡಿದು ತೊಲೆ ಎಷ್ಟು ವಾಲಿದೆಯೆಂದು ನೋಡಿದಳು. ಬರುವಾಗಲೇ ನೋಡಿದ್ದಳು, ಪಶ್ಚಿಮದ ಗೋಡೆಯ ಹೊರಗೆ ಮಣ್ಣು ಒಣಗಿ ಅಂಗೈ ತೂರುವಷ್ಟು ಸಂದು ಬಿಟ್ಟಿತ್ತು. ಎಲ್ಮ್ ಮರ ಇದ್ದಬದ್ದ ಪಸೆಯನ್ನೆಲ್ಲ ಕುಡಿದಿತ್ತು.

“ಕೇಳಿ,” ಎಂದಳು, ಮೆಟ್ಟಿಲಿನ ಮೇಲೆ ಕೂತು. “ಪಶ್ಚಿಮದ ಗೋಡೆ ಉದ್ದಕ್ಕೂ ತೂತಿನ ಪೈಪು ಹಾಸಿ. ಗೋಡೆಗೆ ತಾಗಿಸ್ಬೇಡಿ, ಒಂದು ಮೊಳ ಆಚೆ. ವಾರಕ್ಕೆರಡು ಸಂಜೆ, ಸಣ್ಣಗೆ ನೀರು ಬಿಡಿ. ಸಂದಿಗೆ ಮಣ್ಣು ತುಂಬಬೇಡಿ, ಅದಾಗೇ ಕೂಡುತ್ತೆ. ಸೂರಿನ ನೀರು ಇಳಿಯೋ ಕೊಳವೆ ಗೋಡೆ ಬುಡದಲ್ಲೇ ಸುರೀತಿದೆ, ಅದನ್ನ ಆರಡಿ ದೂರಕ್ಕೆ ತಿರುಗ್ಸಿ. ಬಾಗಿಲು ಮುಟ್ಬೇಡಿ. ಕೀಸುಳಿ ಇದ್ರೆ ಪಕ್ಕದ ಮನೆಯೋರಿಗೆ ಕೊಟ್ಬಿಡಿ.”

“ಗಿಡಕ್ಕೆ ನೀರು ಹಾಕೋದು ಕೇಳಿದೀನಿ. ಮನೆಗೆ ನೀರು ಹಾಕೋದಾ?” ಎಂದ ನೆಸ್ಟರ್.

“ಇಲ್ಲಿ ಮನೇಗೇ ಮೊದ್ಲು.”

ನಡುವಿನ ಕಂಬವನ್ನು ಅರೆಕಾಲು ಸುತ್ತು ಎತ್ತಿದಳು. ನೋಡಲೆಂದು ಮಾತ್ರ ಬಂದವಳಿಗೆ, ಪೆನ್ಸಿಲ್ ತೆಗೆದು ತಾರೀಕು ಬರೆಯುವಾಗಲೇ ಸಿಕ್ಕಿಬಿದ್ದೆನೆಂದು ತಿಳಿದದ್ದು. ನೆಸ್ಟರ್ ಕತ್ತೆತ್ತಿ ನೋಡುತ್ತಿದ್ದ.

“ಅಷ್ಟೇನಾ?”

“ಅಷ್ಟೇ.”

“ಇಷ್ಟು ತಿರುಗ್ಸೋಕೆ ಒಂದು ತಿಂಗಳು ಕಾಯೋದಾ? ನಾನು ಇಂಥವು ದಿನಕ್ಕೆ ನಾನೂರು ಬಿಗೀತೀನಿ ಆಂಟಿ.”

“ಬಸ್ಸಿಗೆ ನೂರು ವರ್ಷ ಆಗಿರಲ್ಲ.”

*

ಆಗಸ್ಟಿನ ಮೊದಲ ಸೋಮವಾರ ಬೆಳಗ್ಗೆ ಆರ್ಸೆಲಿ ಫೋನು ಮಾಡಿದಳು. ಮೊದಲು ಏನೂ ಹೇಳಲಿಲ್ಲ. ಎರ್ನಾ ಕಾದಳು. ಮೂವತ್ತೊಂದು ವರ್ಷದಲ್ಲಿ ಇಂಥ ಮೌನವನ್ನು ಹಲವು ಸಲ ಕೇಳಿದ್ದಳು.

“ಎಷ್ಟು ತಿರುಗಿಸಿದ?” ಎಂದಳು ಕೊನೆಗೆ.

“ಒಂದು ಸುತ್ತು. ಪೂರ್ತಿ. ಮೂರು ಕಂಬಕ್ಕೂ.”

ನೆಸ್ಟರ್ ಒಳ್ಳೆಯದಕ್ಕೇ ಮಾಡಿದ್ದ. ಹೆಂಡತಿ ಭಾನುವಾರ ಡ್ಯೂಟಿಗೆ ಹೋದಾಗ ಕಾರ್ಖಾನೆಯ ಉದ್ದನೆಯ ಸ್ಪ್ಯಾನರ್ ತಂದು, ಎಂಟು ತಿಂಗಳ ಕೆಲಸವನ್ನು ಊಟದ ಹೊತ್ತಿಗೆ ಮುಗಿಸಿದ್ದ. ಅವಳು ಬಂದಾಗ ಅಡುಗೆಮನೆಯ ನೆಲದ ಮೇಲೆ ಒಂದು ಗೋಲಿ ಇಟ್ಟು ತೋರಿಸಿದ. ಗೋಲಿ ಉರುಳಲಿಲ್ಲ. ಇಬ್ಬರೂ ನಕ್ಕರು. ಆಮೇಲೆ ಆರ್ಸೆಲಿ ಬಚ್ಚಲಮನೆಗೆ ಹೋದಳು. ಬಾಗಿಲಿನ ಚಿಲಕ ಕೂರಲಿಲ್ಲ. ಮಲಗುವ ಕೋಣೆಯದೂ ಕೂರಲಿಲ್ಲ. ಹಿತ್ತಲ ಕಡೆಯ ಒಳಬಾಗಿಲು ಅಲ್ಲಾಡಲೇ ಇಲ್ಲ.

ಎರ್ನಾ ಹೋದಾಗ ನೆಸ್ಟರ್ ಕೆಲಸಕ್ಕೆ ರಜೆ ಹಾಕಿ ಕೂತಿದ್ದ. ನಡುಮನೆಯ ಗೋಡೆಯಲ್ಲಿ ಚಾವಣಿಯಿಂದ ಕಿಟಕಿಯವರೆಗೆ ಬಿರುಕು, ಕೆಳಗೆ ನೆಲದಲ್ಲಿ ಗಾರೆಯ ಪುಡಿ. ಬಚ್ಚಲಮನೆಯ ಕೊಳವೆಯ ಕೂಡಿಕೆಯಲ್ಲಿ ಹನಿ ಇಳಿಯುತ್ತಿತ್ತು, ಕೆಳಗೊಂದು ಬಟ್ಟಲು. ಒಳಬಾಗಿಲಿನ ಮೇಲ್ಗಡೆ ಎರಡು ಬೆರಳು ತೂರುವ ಸಂದು. ಅಡಿಯ ಪಟ್ಟಿ ಹೊಸಿಲಿಗೆ ಕಚ್ಚಿಕೊಂಡಿತ್ತು.

ಬೈಯಬೇಕೆಂದುಕೊಂಡೇ ಬಂದಿದ್ದಳು. ಅವನ ಮುಖ ನೋಡಿ ಬೈಯುವುದೂ ಬೇಡವೆನಿಸಿತು.

“ಮನೆ ನೆಟ್ಟಗಾಯ್ತಲ್ಲ ಆಂಟಿ,” ಎಂದ ಅವನು ಮೆಲ್ಲಗೆ. “ರಸಮಟ್ಟ ಇಟ್ಟು ನೋಡಿದೀನಿ. ನೆಟ್ಟಗಿದೆ.”

“ನೆಟ್ಟಗಿದೆ ಕಣಪ್ಪ. ಆದ್ರೆ ಈ ಮನೇಲಿರೋ ಬಾಗಿಲು ಒಂದೂ ನೆಟ್ಟಗಿರೋ ಮನೆಗೆ ಮಾಡಿದ್ದಲ್ಲ. ಎಲ್ಲಾ ಸೊಟ್ಟಕ್ಕೆ ತಕ್ಕ ಹಾಗೆ ಕೀಸಿದ್ದು. ಕೊಳವೆ ಎಳೆದೋರೂ ಸೊಟ್ಟ ನೋಡಿಯೇ ಎಳೆದಿದಾರೆ.”

“ಹಾಗಾದ್ರೆ ಹೊಸ ಬಾಗಿಲು ಹಾಕ್ಸೋಣ. ಈ ವಾರವೇ.”

“ಹಾಕ್ಸು. ಮನೆ ಈಗ ಉಸಿರು ಕಟ್ಕೊಂಡು ನಿಂತಿದೆ. ಹೀಗೇ ಇರಲ್ಲ. ಮರ ತಾನಾಗೇ ಇಳ್ಕೊಳ್ಳುತ್ತೆ, ಯಾವ ಕಡೆಗೆ, ಎಷ್ಟು ಅಂತ ನಿಂಗೂ ಗೊತ್ತಿಲ್ಲ ನಂಗೂ ಗೊತ್ತಿಲ್ಲ. ಇವತ್ತಿಗೆ ಕೂರೋ ಬಾಗಿಲು ಅಧಿಕಾರಿ ಬರೋ ದಿನ ಕೂರಲ್ಲ.”

ಆರ್ಸೆಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. “ಮತ್ತೆ?”

“ಇಳಿಸ್ಬೇಕು. ಎಲ್ಲಿತ್ತೋ ಅಲ್ಲಿಗೇ. ಎತ್ತಿದ ಹಾಗೆ ಒಂದೇ ಸಲ ಇಳಿಸಿದ್ರೆ ಇನ್ನೊಂದು ಗೋಡೆ ಹೋಗುತ್ತೆ. ಕಾಲು ಕಾಲು ಸುತ್ತು, ವಾರಕ್ಕೊಂದ್ಸಲ. ನಾಲ್ಕು ವಾರ. ಆಮೇಲೆ ಮನೆ ಕೂರೋಕೆ ಎರಡು ಮೂರು ವಾರ ಬೇಕು.”

ಆರ್ಸೆಲಿ ಗೋಡೆಯ ಕ್ಯಾಲೆಂಡರನ್ನು ನೋಡಿದಳು. ತುಟಿಯಲ್ಲೇ ವಾರಗಳನ್ನು ಎಣಿಸಿದಳು. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಸರಿಯಾಗಿ ಬರುತ್ತಿತ್ತು, ಒಂದು ವಾರವೂ ತಪ್ಪದಿದ್ದರೆ.

“ನೀವು ಬರ್ತೀರಾ ಆಂಟಿ?”

ಹೊಸ ಮನೆ ಹಿಡಿಯುವುದಿಲ್ಲ ಎಂಬ ಮಾತು ಎರ್ನಾಳ ನಾಲಿಗೆಯ ತುದಿಯವರೆಗೆ ಬಂತು. ಅದು ಅಲ್ಲೇ ಉಳಿಯಿತು. ಅವಳು ಕೈಚೀಲದಿಂದ ಸ್ಪ್ಯಾನರ್ ತೆಗೆದಳು.

*

ಎರಡನೆಯ ಸೋಮವಾರವೂ ಎರ್ನಾ ಬಂದಳು. ಆ ವಾರ ಮೆಟ್ಟಿಲು ಇಳಿದವಳಿಗೆ ಸ್ಟೂಲು ಹತ್ತಲಾಗಲಿಲ್ಲ. ಮಂಡಿ ಮಡಚಲೇ ಒಪ್ಪಲಿಲ್ಲ. ಕಂಬಕ್ಕೆ ಆತು ನಿಂತು ಬೆವರೊರೆಸಿಕೊಂಡಳು.

“ನಾನು ಹತ್ತಲಾ?” ಎಂದ ನೆಸ್ಟರ್ ಮೇಲಿನಿಂದ.

“ನೀನು ಅಲ್ಲೇ ಇರು. ಒಂದು ಮೆಟ್ಟಿಲು ಇಳಿದ್ರೂ ನಾನು ಮನೆಗೆ ಹೋಗ್ತೀನಿ.”

ಹತ್ತಿದವಳು ಆರ್ಸೆಲಿ. ಸ್ಟೂಲು ಸಾಲದೆ ಹಾಲಿನ ಡಬ್ಬಿ ಇಡುವ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಮಗುಚಿ ಅದರ ಮೇಲೆ ನಿಂತಳು. ಒಂದು ಕೈಯಲ್ಲಿ ಸ್ಪ್ಯಾನರ್. ಇನ್ನೊಂದು ಕೈಯನ್ನು, ಯಾರೂ ಹೇಳದೆ, ತೊಲೆಯ ಮೇಲೆ ಊರಿದಳು. ಬೆರಳು ಅಗಲಿಸಿ, ಅಂಗೈ ಪೂರ್ತಿ ತಾಗುವ ಹಾಗೆ.

ಎರ್ನಾ ಅದನ್ನು ನೋಡಿದಳು.

“ಎಳಿ. ಮೆಲ್ಲಗೆ. ನಿಲ್ಲು ಅಂದ್ರೆ ನಿಲ್ಲು.”

ಆರ್ಸೆಲಿ ಅರೆಕಾಲು ಸುತ್ತು ಎಳೆದು ತಾನೇ ನಿಂತಳು. ಎರ್ನಾ ಇನ್ನೂ ನಿಲ್ಲು ಎಂದಿರಲಿಲ್ಲ.

“ಯಾಕೆ ನಿಂತೆ?”

“ಒಳಗೆ ಏನೋ ಬಿಗಿಯಾಯ್ತು ಆಂಟಿ. ಸ್ವಲ್ಪ ಹೊತ್ತು ಬಿಡೋಣ.” ತೊಲೆಯ ಮೇಲಿನ ಕೈ ತೆಗೆಯಲಿಲ್ಲ. “ನಮ್ಮಲ್ಲಿ ಹಾಸಿಗೆ ಹಿಡಿದೋರನ್ನ ಎರಡು ಗಂಟೆಗೊಂದ್ಸಲ ಹೊರಳಿಸ್ಬೇಕು, ಬೆನ್ನು ಹುಣ್ಣಾಗ್ದೆ ಇರ್ಲಿ ಅಂತ. ಹೊಸದಾಗಿ ಸೇರಿದೋರು ಒಂದೇ ಸಲ ತಿರುಗಿಸ್ಬಿಡ್ತಾರೆ. ಮುದುಕರು ಕೂಗ್ಕೋತಾರೆ. ಚೂರು ತಿರುಗಿಸಿ, ಕೈ ಇಟ್ಕೊಂಡು ಕಾಯ್ಬೇಕು. ಮೈ ತಾನಾಗೇ ಸಡ್ಲ ಆಗುತ್ತೆ. ಆಮೇಲೆ ಇನ್ನು ಚೂರು.”

“ಎಷ್ಟು ವರ್ಷ ಮಾಡಿದೀಯ ಆ ಕೆಲಸ?”

“ಹದಿನೈದು. ಇಲ್ಲಿ ಏಳು, ಅದಕ್ಕೆ ಮೊದ್ಲು ಹಾಂಗ್‌ಕಾಂಗಲ್ಲಿ ಒಬ್ಬರ ಮನೇಲಿ ಎಂಟು.” ಸ್ಪ್ಯಾನರನ್ನು ಇನ್ನು ಚೂರು ಎಳೆದು, “ನನ್ನ ಬೆನ್ನೂ ಹೋಯ್ತು. ಅದಕ್ಕೇ ಮಕ್ಕಳು ಅಂದ್ಕೊಂಡೆ. ಅವನ್ನ ಹೊರಳಿಸೋದು ಬೇಡ, ಹಿಡ್ದು ನಿಲ್ಲಿಸಿದ್ರೆ ಸಾಕು” ಎಂದಳು.

ಮೇಲಿನಿಂದ ನೆಸ್ಟರ್, “ಅವಳು ನನ್ನನ್ನೂ ಹೊರಳಿಸ್ತಾಳೆ ಆಂಟಿ, ಗೊರಕೆ ಹೊಡೆದ್ರೆ” ಎಂದ.

“ಅದಕ್ಕೆ ಮಾತ್ರ ಪೂರ್ತಿ ಸುತ್ತು,” ಎಂದಳು ಆರ್ಸೆಲಿ, ಮೇಲೆ ನೋಡದೆ.

ಎರ್ನಾಗೆ ನಗು ಬಂತು. ಬಹಳ ದಿನದ ಮೇಲೆ ನೆಲಮಾಳಿಗೆಯಲ್ಲಿ ಬಂದ ನಗು ಅದು.

ಆ ಗುರುವಾರ ಆಸ್ಪತ್ರೆಯಿಂದ ಫೋನು ಬಂತು. ಯಾರೋ ಬರಲಾಗುವುದಿಲ್ಲ ಎಂದಿದ್ದರಂತೆ, ಇಪ್ಪತ್ತೆರಡನೇ ತಾರೀಕು ಒಂದು ಜಾಗ ಖಾಲಿ. ಬೇಕಾದರೆ ಇವತ್ತೇ ಹೇಳಬೇಕು. ಎರ್ನಾ ಕಿಟಕಿಯ ಬಳಿ ಕೂತಳು. ಇನ್ನು ಎರಡು ಸಲ ಇಳಿಸುವುದಿತ್ತು, ಆಗಸ್ಟ್ ಹತ್ತೊಂಬತ್ತಕ್ಕೆ ಮತ್ತು ಇಪ್ಪತ್ತಾರಕ್ಕೆ. ಇಪ್ಪತ್ತಾರಕ್ಕೆ ತಾನು ಕಾಲು ಚಾಚಿ ಮಲಗಿರುತ್ತೇನೆ. ನವೆಂಬರಿನವರೆಗೆ ಕಾದರೆ ಕಾಯಬಹುದು. ಹತ್ತೊಂಬತ್ತು ತಿಂಗಳು ಕಾದವಳಿಗೆ ಇನ್ನು ಮೂರು ದೊಡ್ಡದಲ್ಲ. ಹೀಗೆ ಪ್ರತಿ ಸಲವೂ ಯಾವುದೋ ಒಂದು ಮನೆಯ ನೆಪ ಇದ್ದೇ ಇರುತ್ತದೆಂದು ಅವಳಿಗೆ ಅನ್ನಿಸಿತು. ಈ ಮನೆ ಮುಗಿದರೆ ಇನ್ನೊಂದು. ಜೇಡಿಮಣ್ಣು ಎಂದೂ ಮುಗಿಯುವುದಿಲ್ಲ.

ಆಸ್ಪತ್ರೆಗೆ ಹೂಂ ಎಂದಳು. ಆಮೇಲೆ ಆರ್ಸೆಲಿಗೆ ಫೋನು ಮಾಡಿದಳು.

“ಒಳ್ಳೇದಾಯ್ತು ಆಂಟಿ,” ಎಂದಳು ಆರ್ಸೆಲಿ. “ಕೊನೇ ಸಲ ನಾನೊಬ್ಳೇ ಮಾಡ್ಬೇಕಾ?”

“ನೀನೊಬ್ಳೇ.”

“ತಪ್ಪಿದ್ರೆ?”

“ತಪ್ಪೋ ಮುಂಚೆ ನಿನ್ನ ಕೈಗೇ ಗೊತ್ತಾಗುತ್ತೆ. ಅವತ್ತು ನನಗಿಂತ ಮೊದ್ಲು ನಿಂತೆಯಲ್ಲ.”

“ಅದು ಸುಮ್ನೆ...”

“ಸುಮ್ನೆ ಅಲ್ಲ. ನನಗೆ ಅದು ಬರೋಕೆ ಒಂದು ವರ್ಷ ಬೇಕಾಯ್ತು.”

ಆಗಸ್ಟ್ ಹತ್ತೊಂಬತ್ತರ ಸೋಮವಾರ ಎರ್ನಾ ಮೆಟ್ಟಿಲಿನ ಮೇಲೆ ಕೂತೇ ಇದ್ದಳು. ಎಳಿ ಎನ್ನಲಿಲ್ಲ, ನಿಲ್ಲು ಎನ್ನಲಿಲ್ಲ. ಆರ್ಸೆಲಿ ಮೂರು ಕಂಬಗಳನ್ನು ಮುಗಿಸುವಾಗ ಮಧ್ಯಾಹ್ನವಾಗಿತ್ತು. ಎರ್ನಾ ಒಬ್ಬಳೇ ಮಾಡುತ್ತಿದ್ದುದಕ್ಕಿಂತ ಎರಡು ಪಟ್ಟು ಹೊತ್ತು. ನೆಸ್ಟರ್ ಮೇಲೆ ಬಿರುಕಿಗೆ ಪಟ್ಟಿ ಅಂಟಿಸುತ್ತ, ಅದು ಎಷ್ಟೆಷ್ಟು ಕೂಡುತ್ತಿದೆಯೆಂದು ಕೂಗಿ ಹೇಳುತ್ತಿದ್ದ. ಹೊರಡುವಾಗ ಅವನು ಎರ್ನಾಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ.

“ಆಂಟಿ, ನನ್ನ ಮೇಲೆ ಇನ್ನೂ ಕೋಪಾನಾ?”

“ಕೋಪ ಮಾಡ್ಕೊಳ್ಳೋಕೆ ಶಕ್ತಿ ಬೇಕು ಕಣಪ್ಪ. ನೀರು ಬಿಡೋದು ಮರೀಬೇಡ.”

*

ಆಪರೇಷನ್ ಆಗಿ ನಾಲ್ಕು ವಾರ. ಎರ್ನಾ ಇದ್ದದ್ದು ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ. ಕಾರ್ನಿ ಹೋದ ಮೇಲೆ ಸ್ವಂತ ಮನೆ ಮಾರಿದ್ದಳು. ಕೊಂಡವರಿಗೆ ಅದರ ಕಂಬಗಳ ಬಗ್ಗೆ ಒಂದು ಪುಟ ಬರೆದುಕೊಟ್ಟಿದ್ದಳು, ಅವರು ಓದಿದರೋ ಇಲ್ಲವೋ. ಈ ಕಟ್ಟಡದ ಅಡಿಯಲ್ಲಿ ಏನಿದೆಯೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಗೊತ್ತಾದರೆ ನಿದ್ದೆ ಬರುವುದಿಲ್ಲ.

ಇಪ್ಪತ್ತಾರರಂದು ಆರ್ಸೆಲಿ ಕಳಿಸಿದ ಸಂದೇಶ ಒಂದೇ ಸಾಲಿನದು: ಆಯಿತು, ಏನೂ ಆಗಲಿಲ್ಲ. ಎರ್ನಾ ನೋವಿನ ಮಾತ್ರೆಯ ಮಂಪರಿನಲ್ಲಿ ಅದನ್ನು ಎರಡು ಸಲ ಓದಿದ್ದಳು. ಆಮೇಲೆ ಮೂರು ವಾರ ಎರ್ನಾ ಕೇಳಲಿಲ್ಲ, ಆರ್ಸೆಲಿಯೂ ಹೇಳಲಿಲ್ಲ. ಮನೆ ಕೂರುವ ಹೊತ್ತಿನಲ್ಲಿ ಮಾತಾಡಿ ಪ್ರಯೋಜನವಿಲ್ಲ.

ಸೆಪ್ಟೆಂಬರ್ ಹತ್ತೊಂಬತ್ತನೆಯ ತಾರೀಕು ಎದ್ದಾಗಲೇ ಮೋಡ ಕವಿದಿತ್ತು. ಮಳೆ ಬಂದರೆ ಪಶ್ಚಿಮದ ಗೋಡೆಯ ಮಣ್ಣು ಒಂದೇ ಸಲ ಉಬ್ಬುತ್ತದೆ ಎಂಬ ಯೋಚನೆ ಬಂತು. ಅಧಿಕಾರಿ ಎಷ್ಟು ಗಂಟೆಗೆ ಬರುತ್ತಾರೆಂದು ಕೇಳಲಿಲ್ಲವಲ್ಲ ಎನ್ನಿಸಿತು. ಬೆಳಗಿನ ಕಾಫಿ, ಕಾಲಿನ ಕಸರತ್ತು, ಮಧ್ಯಾಹ್ನದ ಸೂಪು. ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಮೂರು ಗಂಟೆಗೆ ಸಣ್ಣ ಮಳೆ ಹಿಡಿಯಿತು. ಮೂರೂವರೆಗೆ ಫೋನು.

“ಆಂಟಿ!” ಹಿಂದೆ ನೆಸ್ಟರ್ ಏನೋ ಕೂಗುತ್ತಿದ್ದ. “ಸುಮ್ನಿರೋ, ನಾನು ಹೇಳ್ತೀನಿ. ಆಂಟಿ, ಬಂದಿದ್ರು. ಈಗ ಹೋದ್ರು.”

“ಬಾಗಿಲು?”

“ಮೂರು ಸಲ ತೆಗೆದ್ರು, ಮೂರು ಸಲ ಮುಚ್ಚಿದ್ರು. ಒಂದ್ಸಲ ಒಂದೇ ಬೆರಳಲ್ಲಿ ತೆಗೆದು ನೋಡಿದ್ರು. ಆಮೇಲೆ ಏನೋ ಬರ್ಕೊಂಡ್ರು. ನನ್ನ ಉಸಿರೇ ನಿಂತ್ಹೋಗಿತ್ತು. ‘ಈ ಮನೆ ನೆಲ ವಾಲಿದೆಯಲ್ಲ’ ಅಂದ್ರು.”

“ನೀನೇನಂದೆ?”

“‘ಹೌದು, ವಾಲಿದೆ’ ಅಂದೆ. ‘ನಮ್ಮನೇದೂ ಹಾಗೇ’ ಅಂದು ಮುಂದೆ ಹೋದ್ರು.”

ಎರ್ನಾ ಕಣ್ಣು ಮುಚ್ಚಿಕೊಂಡಳು.

“ಇನ್ನೆರಡು ಕೆಲಸ ಹೇಳಿದಾರೆ. ಔಷಧಿ ಕಪಾಟಿಗೆ ಬೀಗ, ಮೆಟ್ಟಿಲ ಪಕ್ಕ ಹಿಡ್ಕೊಳ್ಳೋಕೆ ಇನ್ನೊಂದು ಕಂಬಿ. ಅದನ್ನ ಇವ್ನು ಮಾಡ್ತಾನಂತೆ, ಹತ್ತು ದಿನದಲ್ಲಿ ಫೋಟೋ ಕಳಿಸಿದ್ರೆ ಸಾಕಂತೆ. ಲೈಸೆನ್ಸ್ ಬರುತ್ತೆ ಆಂಟಿ. ಬರುತ್ತೆ ಅಂದ್ರು.” ಅವಳು ನಕ್ಕಳೋ ಅತ್ತಳೋ ಫೋನಿನಲ್ಲಿ ತಿಳಿಯಲಿಲ್ಲ. “ಇನ್ನು ಯಾವಾಗ ಎತ್ತೋದು? ನೆಟ್ಟಗೆ ಮಾಡ್ಬೇಕಲ್ಲ, ಒಂದಲ್ಲ ಒಂದಿನ.”

“ಈಗ ಏನೂ ಮಾಡ್ಬೇಡ. ಚಳಿಗಾಲ ಕಳೀಲಿ. ನೋಡ್ತಾ ಇರು.”

“ನೆಟ್ಟಗೆ ಆಗೋದೇ ಇಲ್ವಾ?”

“ಆಗ್ಬೇಕು ಅಂತ ಏನಿದೆ? ಇನ್ನಷ್ಟು ಕುಸೀದೆ ಇದ್ರೆ ಸಾಕು.”

“ಹೂಂ.” ನಡೆಯುವ ಸದ್ದು. “ತಡೀರಿ. ಕೇಳಿಸ್ಕೊಳ್ಳಿ.”

ಆರ್ಸೆಲಿ ಫೋನನ್ನು ಬಾಗಿಲಿನ ಹತ್ತಿರ ಹಿಡಿದಿರಬೇಕು. ಚಿಲಕ ತಿರುಗಿತು. ಬಾಗಿಲು ತೆರೆದ ಗಾಳಿ, ಹಿತ್ತಲಲ್ಲಿ ಮಳೆಯ ಸದ್ದು. ಮತ್ತೆ ಮುಚ್ಚಿತು, ಚಿಲಕ ಟಕ್ಕನೆ ಕೂತಿತು. ಇನ್ನೊಮ್ಮೆ. ಎರ್ನಾ ಕಾಲು ಚಾಚಿ ಕೂತು ಕೇಳಿದಳು. ಮೂರನೆಯ ಸಲ, ಬಾಗಿಲು ಅರ್ಧ ತೆರೆಯುವ ಹೊತ್ತಿಗೆ, ಅಡಿಯಲ್ಲಿ ಒಂದು ಸಣ್ಣ ಸದ್ದು. ಮರ ಮರಕ್ಕೆ ತಾಗಿದಷ್ಟೇ. ಇನ್ಯಾರಿಗೂ ಕೇಳಿಸದು.

ಹೇಳಲೇ, ಬೇಡವೇ ಎಂದು ಯೋಚಿಸಿದಳು. ಹೇಳಿದರೆ ಇಂದಿನ ಸಂತೋಷದ ಮೇಲೆ ನೀರೆರಚಿದಂತೆ.

“ಆಂಟಿ, ಕೆಳಗೆ ಚೂರು ಉಜ್ತಿದೆ, ಅಲ್ವಾ?” ಎಂದಳು ಆರ್ಸೆಲಿ.

“ಹೂಂ.”

“ಮಳೆಗೆ ಇರ್ಬೇಕು. ಇರ್ಲಿ ಬಿಡಿ, ಇವತ್ತು ಮುಟ್ಟಲ್ಲ. ಒಣಗಿದ್ಮೇಲೆ ನೋಡ್ತೀನಿ. ನೀವು ಮಲಕ್ಕೊಳ್ಳಿ.”

ಎರ್ನಾ ಫೋನನ್ನು ಮೇಜಿನ ಮೇಲಿಟ್ಟಳು. ಹೊರಗೆ ಮಳೆ ಜೋರಾಗುತ್ತಿತ್ತು. ಎಲ್ಲೆಲ್ಲಿ ಮಣ್ಣು ನೀರು ಕುಡಿಯುತ್ತಿರಬಹುದು, ಯಾವ ಯಾವ ಕೇರಿಯ ಯಾವ ಗೋಡೆ, ಎಂದು ಎಣಿಸಹೊರಟು, ಎರಡನೆಯ ಮನೆಗೇ ಅವಳಿಗೆ ನಿದ್ದೆ ಬಂತು.